ಮಕ್ಕಳ ಬಾಯಿಗೆ ಬೇರೆಯವರ ದನಿ ಯಾಕೆ?

ನಿನ್ನೆ ಸಂಜೆ ಇನ್ನೊಂದು ಬೇಸಿಗೆ ಶಿಬಿರದ ಸಮಾರೋಪ. ಯಾರದ್ದು ಅಂತ ಕಮೆಂಟಿನಲ್ಲಿ ಕೇಳಬೇಡಿ, ಹೇಳುವುದಿಲ್ಲ. ಒಬ್ಬರೇ ಹೀಗೆ ಮಾಡುತ್ತಿದ್ದರೆ ಇಷ್ಟುದ್ದ ಬರೆಯುವ ಅಗತ್ಯವೇ ಇರಲಿಲ್ಲ. ವೇದಿಕೆ ತುಂಬ ಮಕ್ಕಳು, ಮೈಮೇಲೆ ಬಾಡಿಗೆಯ ಸ್ಯಾಟಿನ್ ಉಡುಪು. ಮಾತೆಲ್ಲ ಸ್ಪೀಕರಿನಿಂದ ಬರುತ್ತಿತ್ತು. ಮೊದಲೇ ಸ್ಟುಡಿಯೋದಲ್ಲಿ ಮುದ್ರಿಸಿಕೊಂಡ ಮಾತು. ಮಕ್ಕಳದ್ದು ಬರೀ ತುಟಿ. ರಾಜನಾಗಿದ್ದ ಹುಡುಗ ಐದನೇ ಕ್ಲಾಸಿನವನಿರಬೇಕು, ಅವನ ಬಾಯಿಗೆ ನಡುವಯಸ್ಸಿನ ಗಂಡಸಿನ ದನಿ. ಚಪ್ಪಾಳೆ ಜೋರಾಗಿಯೇ ಬಿತ್ತು. ನನ್ನ ಸಿಟ್ಟು ಮಾತ್ರ ಇನ್ನೂ ಇಳಿದಿಲ್ಲ.

ಮಕ್ಕಳ ನಾಟಕದ ವಿಷಯ ಬಂದರೆ ನಾನು ಸುಮ್ಮನಿರುವುದಿಲ್ಲ ಅಂತ ಇಲ್ಲಿರುವ ಬಹುತೇಕರಿಗೆ ಗೊತ್ತು. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಅದರಲ್ಲಿ 3-4 ವಾರವನ್ನು ಒಂದು ಮಗು ರಂಗಶಿಬಿರಕ್ಕೆ ಕೊಡುತ್ತದೆ. ಅಷ್ಟು ದಿನದ ಕೊನೆಗೆ ಅದಕ್ಕೆ ಸಿಗಲೇಬೇಕಾದ ಒಂದೇ ಒಂದು ವಸ್ತು ಇದ್ದರೆ, ಅದು ತನ್ನ ದನಿ. ನಾಲ್ಕು ಜನರ ಮುಂದೆ ನಿಂತು ಒಂದು ವಾಕ್ಯವನ್ನು ತಾನೇ, ತನ್ನ ಗಂಟಲಿನಿಂದ, ಕಡೆಯ ಅಕ್ಷರದವರೆಗೆ ಹೇಳಿ ಮುಗಿಸುವುದು. ಅದನ್ನೇ ಕಿತ್ತುಕೊಂಡು ಕೈಗೆ ಪ್ರಮಾಣಪತ್ರ ಕೊಟ್ಟು ಕಳಿಸುತ್ತಿದ್ದೇವೆ.

ಮುದ್ರಿತ ಮಾತು ಹೇಗೆ ಬಂದು ಸೇರುತ್ತದೆ ಅಂತ ಒಳಗಿನವರಿಗೆ ಗೊತ್ತು. ಮೊದಲ ವಾರ ಆಟ, ಎರಡನೇ ವಾರ ಕ್ರಾಫ್ಟು, ಮ್ಯಾಜಿಕ್ಕು, ಒಂದು ದಿನ ವಾಟರ್ ಪಾರ್ಕು. ಮೂರನೇ ವಾರ ಬಂದಾಗ ನಾಟಕದ ಗಾಬರಿ ಶುರು. ಆಗ ಇಬ್ಬರು ದೊಡ್ಡವರು ಒಂದು ಮಧ್ಯಾಹ್ನ ಕೂತು ಎಲ್ಲ ಪಾತ್ರದ ಮಾತನ್ನೂ ಓದಿ ಮುದ್ರಿಸುತ್ತಾರೆ. ಉಳಿದ ದಿನಗಳಲ್ಲಿ ನಡೆಯುವುದು ತಾಲೀಮಲ್ಲ, ಹೊಂದಾಣಿಕೆ: 'ಈ ಮಾತು ಬಂದಾಗ ನೀನು ಇಲ್ಲಿಗೆ ಬಾ, ಆ ಸಂಗೀತ ಬಂದಾಗ ಕೈ ಎತ್ತು.' ಮಗು ಎದುರಿಗಿರುವವರ ಮಾತನ್ನು ಕೇಳಿಸಿಕೊಳ್ಳುವುದನ್ನೇ ಬಿಡುತ್ತದೆ, ಸ್ಪೀಕರಿಗೆ ಕಿವಿ ಕೊಡುತ್ತದೆ. ಪ್ರವೇಶಕ್ಕೆ 2 ಸೆಕೆಂಡ್ ತಡವಾದರೆ ಮಾತು ಖಾಲಿ ಜಾಗದಲ್ಲಿ ಹರಿದುಹೋಗುತ್ತದೆ, ಕಾಯುವುದಿಲ್ಲ. ಜನ ನಕ್ಕರೆ ನಗು ಮುಗಿಯಲಿ ಅಂತ ನಿಲ್ಲಲಾಗುವುದಿಲ್ಲ. ಕಿರೀಟ ಬಿದ್ದರೆ ಎತ್ತಿಕೊಳ್ಳುವ ಹೊತ್ತಿಲ್ಲ. ಮಗು ಮಾತನ್ನು ತಾನೇ ಆಡುತ್ತಿದ್ದರೆ, ಒಬ್ಬ ಮರೆತಾಗ ಪಕ್ಕದವಳು ಅವನ ಸಾಲನ್ನು ಪ್ರಶ್ನೆಯಾಗಿ ತಿರುಗಿಸಿ ನೆನಪಿಸುತ್ತಾಳೆ. ತಾಲೀಮಿನಲ್ಲಿ ಬೇಕೆಂದೇ ಒಬ್ಬರಿಗೆ ಮಾತು ತಪ್ಪಿಸಿ, ಉಳಿದವರು ಹೇಗೆ ಸಾವರಿಸುತ್ತಾರೆ ಅಂತ ನೋಡುವ ಆಟವನ್ನು ದಿನಕ್ಕೆ 10 ನಿಮಿಷ ಆಡಿಸಿದರೆ ಸಾಕು, ಮರೆಯುವ ಭಯ ಅರ್ಧಕ್ಕರ್ಧ ಹೋಗುತ್ತದೆ.

'ಮಕ್ಕಳ ಮಾತು ಕೇಳಿಸುವುದೇ ಇಲ್ಲ, ಅದಕ್ಕೇ ರೆಕಾರ್ಡಿಂಗ್' ಅನ್ನುತ್ತಾರೆ. ಯಾಕೆ ಕೇಳಿಸುವುದಿಲ್ಲ ಅಂತ ಕೂತು ನೋಡಿದ್ದೀರಾ? ಬಹಳ ಸಲ ದನಿ ಚಿಕ್ಕದೇನೂ ಆಗಿರುವುದಿಲ್ಲ, ವಾಕ್ಯದ ಬಾಲ ನುಂಗಿಹೋಗಿರುತ್ತದೆ. ನಮ್ಮ ಭಾಷೆಯಲ್ಲಿ ಕ್ರಿಯಾಪದ ಕೂರುವುದು ಕೊನೆಯಲ್ಲಿ. 'ನಾನು ನಾಳೆ ಕಾಡಿಗೆ' ಅನ್ನುವಷ್ಟನ್ನು ಮಗು ಗಟ್ಟಿಯಾಗಿ ಹೇಳುತ್ತದೆ, ಅಷ್ಟರಲ್ಲಿ ಉಸಿರು ಮುಗಿಯುತ್ತದೆ. ಹೋಗುತ್ತಾನೋ, ಹೋಗುವುದಿಲ್ಲವೋ? ಮೂರನೇ ಸಾಲಿನವರಿಗೆ ಕಥೆ ಅಲ್ಲೇ ತಪ್ಪುತ್ತದೆ. ಅದಕ್ಕೆ 'ಜೋರಾಗಿ ಹೇಳು, ಜೋರಾಗಿ ಹೇಳು' ಅಂತ ಕೂಗಿದರೆ ಮಗು ಮೊದಲ ಪದವನ್ನು ಇನ್ನೂ ಜೋರಾಗಿ ಕಿರುಚುತ್ತದೆ, ಉಸಿರು ಇನ್ನೂ ಬೇಗ ಮುಗಿಯುತ್ತದೆ, ಒಂದೆರಡು ದಿನದಲ್ಲಿ ಗಂಟಲು ಕಟ್ಟುತ್ತದೆ.

ಮಾಡಬೇಕಾದದ್ದು ಸರಳ, ಆದರೆ ಮೊದಲ ದಿನದಿಂದ ಮಾಡಬೇಕು. ಬೆಳಿಗ್ಗೆ, ತಿಂಡಿ ತಿಂದು ಒಂದು ಗಂಟೆಯಾದರೂ ಆದ ಮೇಲೆ, 15 ನಿಮಿಷ. ಅಂಗಾತ ಮಲಗಿಸಿ, ಮಂಡಿ ಮಡಿಸಿ, ಹೊಟ್ಟೆಯ ಮೇಲೆ ಒಂದು ನೋಟ್‌ಬುಕ್ ಇಡಿ. ಮೂಗಿನಿಂದ 4 ಎಣಿಕೆ ಒಳಕ್ಕೆ. ನೋಟ್‌ಬುಕ್ ಏಳಬೇಕು, ಭುಜ ಏಳಬಾರದು. 'ಸ್' ಅನ್ನುತ್ತ 10 ಎಣಿಕೆ ಹೊರಕ್ಕೆ. ಎರಡನೇ ವಾರಕ್ಕೆ ಅದು 15-20ಕ್ಕೆ ಹೋಗುತ್ತದೆ. ಆಮೇಲೆ ತುಟಿ ಮುಚ್ಚಿ 'ಮ್', ಮೂಗಿನ ಮೂಳೆ ಕಂಪಿಸುವವರೆಗೆ. ಆಮೇಲೆ ಅ ಆ ಇ ಈ. ಆಮೇಲೆ ತರೀಕೆರೆ ಏರಿ ಮೇಲಿನ ಮೂರು ಕರಿ ಕುರಿಮರಿ, ಮೊದಲು ನಿಧಾನವಾಗಿ, ಒಂದೊಂದು ಅಕ್ಷರ ಬಿಡಿಬಿಡಿಯಾಗಿ. ಲಕಾರ ಳಕಾರ ಬೇರೆಯಾಗಬೇಕು, ಹಕಾರ ಉದುರಬಾರದು. ಕೊನೆಗೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಮಾತಾಡಿಸುವುದು. ಮೊದಲು 5 ಅಡಿ, ಆಮೇಲೆ 15, ಆಮೇಲೆ 30. ಕಿರುಚುವಂತಿಲ್ಲ. ಎದುರಿನವರು ಕೊನೆಯ ಪದವನ್ನು ಮಾತ್ರ ತಿರುಗಿ ಹೇಳಬೇಕು. ಹೇಳಲು ಆಗದಿದ್ದರೆ ಅದು ತಲುಪಿಲ್ಲ ಅಂತ ಮಗುವಿಗೇ ಗೊತ್ತಾಗುತ್ತದೆ. ಮೇಷ್ಟ್ರು ಬಾಯಿ ತೆರೆಯಬೇಕಿಲ್ಲ. ದನಿ ಒಡೆಯುತ್ತಿರುವ 13-14ರ ಹುಡುಗರಿಗೆ ಮೇಲಿನ ಸ್ವರದಲ್ಲಿ ಹಾಡಿಸಬೇಡಿ, ಅವರಿಗೆ ಮಾತಿನ ಸಾಲು ಕೊಡಿ. ಗಂಟಲು ಕಟ್ಟಿದ ಮಗುವಿಗೆ ಒಂದು ದಿನ ಪೂರ್ತಿ ಮೌನ, ಪಿಸುಮಾತೂ ಬೇಡ.

ಹೊರಸಂಚಾರದ ವಿಷಯಕ್ಕೆ ಬರುತ್ತೇನೆ, ಅದೂ ಇದೇ ದೂರು. ದನಿಗೆ ಬೇಕಾದ ಸರಕು ಸಿಗುವುದು ಊರಿನಲ್ಲೇ. ವಾಟರ್ ಪಾರ್ಕಿಗೆ ಹೋದ ಮಕ್ಕಳು ಬಸ್ಸಿನಲ್ಲಿ ಸುಸ್ತಾಗಿ ಮಲಗಿ ಬರುತ್ತಾರೆ, ಮರುದಿನ ಅರ್ಧ ಜನ ಶಿಬಿರಕ್ಕೇ ಬರುವುದಿಲ್ಲ, ನಾಟಕಕ್ಕೆ ಅದರಿಂದ ಬಂದದ್ದು ಸೊನ್ನೆ. ಮೈಸೂರಿನವರಾದರೆ ಬೆಳಿಗ್ಗೆ 7ಕ್ಕೆ ದೇವರಾಜ ಮಾರುಕಟ್ಟೆಗೆ ಹೋಗಿ. ಹೂವಿನವರು ಮೊಳ ಹಾಕುವಾಗ ಮೊಣಕೈ ಎಲ್ಲಿರುತ್ತದೆ, ಬೆರಳು ಎಲ್ಲಿಗೆ ಬರುತ್ತದೆ, ದರ ಕೂಗುವಾಗ ಯಾವ ಅಕ್ಷರವನ್ನು ಎಳೆಯುತ್ತಾರೆ, ಅದು ಸಾಲಿನ ಆಚೆ ತುದಿಯವರೆಗೆ ಹೇಗೆ ಮುಟ್ಟುತ್ತದೆ. ಮೈಕಿಲ್ಲದೆ ದಿನಗಟ್ಟಲೆ ಕೂಗಿಯೂ ದನಿ ಉಳಿಸಿಕೊಳ್ಳುವ ವಿದ್ಯೆ ಅಲ್ಲಿದೆ. ಇನ್ನೊಂದು ದಿನ ಕುಕ್ಕರಹಳ್ಳಿ ಕೆರೆ ಏರಿ. 10 ನಿಮಿಷ ಕಣ್ಣು ಮುಚ್ಚಿ ಕೂತು ಕೇಳಿದ ಸದ್ದುಗಳನ್ನು ದೂರದ್ದರಿಂದ ಹತ್ತಿರದ್ದಕ್ಕೆ ಜೋಡಿಸಿ ಬರೆಯುವುದು. ನಾಟಕದ ಕಾಡಿನ ದೃಶ್ಯಕ್ಕೆ ಹಿನ್ನೆಲೆ ಅಲ್ಲೇ ಸಿದ್ಧ. ಇನ್ನೊಂದು ದಿನ, ಬಿಸಿಲೇರುವ ಮೊದಲೇ, ಚಾಮುಂಡಿ ಬೆಟ್ಟದ ಮೆಟ್ಟಿಲು ಹಿಡಿದು ನಂದಿಯವರೆಗೆ. ಪ್ರತಿ 100 ಮೆಟ್ಟಿಲಿಗೆ ನಿಂತು ತಮ್ಮ ಒಂದು ಸಾಲನ್ನು ಹೇಳಬೇಕು. ಉಸಿರು ಎಲ್ಲಿ ಕಡಿಯುತ್ತದೆ, ಎಲ್ಲಿ ಕದ್ದು ಉಸಿರು ತೆಗೆದುಕೊಳ್ಳಬೇಕು ಅನ್ನುವುದು ಅಲ್ಲಿ ತಿಳಿದಷ್ಟು ಸಭಾಂಗಣದೊಳಗೆ ತಿಳಿಯುವುದಿಲ್ಲ. ಧಾರವಾಡದವರಿಗೆ ಕೆಲಗೇರಿ ಕೆರೆ ಇದೆ, ಮಂಗಳೂರಿನವರಿಗೆ ಮೀನಿನ ಧಕ್ಕೆ ಇದೆ, ಶಿವಮೊಗ್ಗದವರಿಗೆ ತುಂಗೆ ಇದ್ದಾಳೆ. ಊರು ಯಾವುದಾದರೂ ಸಂತೆ ಇದ್ದೇ ಇದೆ.

ವಾರಕ್ಕೊಂದು ಸಂಚಾರ ಸಾಕು. 7ಕ್ಕೆ ಹೊರಟು 10ರೊಳಗೆ ವಾಪಸ್. ಏಪ್ರಿಲ್ ಬಿಸಿಲಿನ ಜೊತೆ ಹಟ ಬೇಡ. 8 ಮಕ್ಕಳಿಗೆ ಒಬ್ಬರು ದೊಡ್ಡವರು, ತಲೆಗೊಂದು ಲೀಟರ್ ನೀರು, ಟೋಪಿ, ಹೊರಟ ಕೂಡಲೇ ಒಮ್ಮೆ, ಹತ್ತುವ ಇಳಿಯುವ ಪ್ರತಿ ಜಾಗದಲ್ಲೂ ಒಮ್ಮೆ ತಲೆಯೆಣಿಕೆ. ಹೋಗುವ ಜಾಗದಲ್ಲಿ ಶೌಚಾಲಯ ಇದೆಯೇ, ತೆರೆದಿದೆಯೇ ಅಂತ ಒಬ್ಬರು ಹಿಂದಿನ ದಿನವೇ ಹೋಗಿ ನೋಡಿ ಬರಬೇಕು. ಹೆಣ್ಣುಮಕ್ಕಳು ಅದೇ ಚಿಂತೆಯಲ್ಲಿ ನೀರು ಕುಡಿಯುವುದನ್ನೇ ಬಿಡುತ್ತಾರೆ, ತಲೆ ಸುತ್ತಿ ಬೀಳುವುದು ಹಾಗೆಯೇ. ಪ್ರತಿ ಮಗು ಮೂರು ವಸ್ತು ತರಬೇಕು: ಒಂದು ಸದ್ದು, ಒಂದು ನಡಿಗೆ, ಒಂದು ಕೇಳಿಸಿಕೊಂಡ ಮಾತು. ಮರುದಿನ ವೃತ್ತದಲ್ಲಿ ನಿಂತು ಮಾಡಿ ತೋರಿಸಬೇಕು. ನಾಟಕದ ಸಂತೆ ದೃಶ್ಯವನ್ನು ಯಾರೂ ಬರೆಯಬೇಕಾಗಿಯೇ ಬರುವುದಿಲ್ಲ.

ಇನ್ನು ಸಭಾಂಗಣದ ವಾದ. 'ಸಾರ್, 700 ಸೀಟಿನ ಸಭಾಂಗಣ, ಮಕ್ಕಳ ದನಿ ಹಿಂದಕ್ಕೆ ಹೋಗುವುದಿಲ್ಲ.' ಒಪ್ಪಿದೆ, ಹೋಗುವುದಿಲ್ಲ. ಹಾಗಾದರೆ 700 ಸೀಟಿನ ಸಭಾಂಗಣ ಹಿಡಿದದ್ದು ಯಾಕೆ? ಮಕ್ಕಳಿಗಾಗಿಯೋ, ಬ್ಯಾನರಿಗಾಗಿಯೋ? 1884ರಲ್ಲಿ ಶುರುವಾದ ಗುಬ್ಬಿ ನಾಟಕ ಕಂಪನಿ ಮೈಕೇ ಇಲ್ಲದ ಕಾಲದಲ್ಲಿ ಜನರಿಗೆ ಮಾತು ಮುಟ್ಟಿಸಿದೆ. ಅದೇ ಗುಬ್ಬಿ ಕಂಪನಿಗೆ ಹುಡುಗನಾಗಿ ಹೋಗಿ ಸೇರಿದ ರಂಗನಿರ್ದೇಶಕ ಬಿ.ವಿ. ಕಾರಂತರು ಮುಂದೆ ಮಕ್ಕಳ ನಾಟಕಗಳಲ್ಲಿ ಕಲ್ಲು, ಕರಟ, ಕೋಲುಗಳಿಂದ ಸದ್ದು ಹೊರಡಿಸಿ ವೇದಿಕೆಯ ಮೇಲೆಯೇ ಸಂಗೀತ ಕಟ್ಟಿದರು. 1989ರಲ್ಲಿ ಅವರು ಮೈಸೂರಿನಲ್ಲಿ ಕಟ್ಟಿದ ರಂಗಾಯಣದಲ್ಲಿ ಬೇಸಿಗೆಗೆ ಚಿಣ್ಣರ ಮೇಳ ಅನ್ನುವ ಮಕ್ಕಳ ಶಿಬಿರ ನಡೆಯುತ್ತದೆ, ಅಲ್ಲಿನ ವನರಂಗ ಬಯಲು ರಂಗಮಂದಿರ. ನಮ್ಮಲ್ಲಿ ಮಾದರಿ ಇಲ್ಲ ಅನ್ನುವಂತಿಲ್ಲ.

ಶಾಲೆಯ ಅಂಗಳ ಸಾಕು. ಹಿಂದೆ ಒಂದು ಗೋಡೆ ಇರಲಿ, ದನಿ ಅದಕ್ಕೆ ಬಡಿದು ಮುಂದಕ್ಕೆ ಬರುತ್ತದೆ. ಮೂರು ಕಡೆ ಜನ, ಮೊದಲ ಸಾಲು ಚಾಪೆ, ಎರಡನೆಯದು ಬೆಂಚು, ಹಿಂದೆ ಕುರ್ಚಿ. 150 ಜನರನ್ನು 25-30 ಅಡಿಯೊಳಗೆ ಕೂರಿಸಬಹುದು. ಒಳಾಂಗಣವೇ ಬೇಕಾದರೆ ನಾಟಕದ ಹೊತ್ತಿಗೆ ಸೀಲಿಂಗ್ ಫ್ಯಾನ್ ಆರಿಸಿ. ಮಕ್ಕಳ ಮಾತನ್ನು ಎಲ್ಲಕ್ಕಿಂತ ಹೆಚ್ಚು ನುಂಗುವುದು ಆ ಗರಗರ. ಮೈಕೇ ಮುಟ್ಟಬಾರದು ಅನ್ನುವ ಹಟ ನನಗಿಲ್ಲ. ವೇದಿಕೆಯ ಅಂಚಿನಲ್ಲಿ ನೆಲಕ್ಕೆ ಕೂರುವ ಚಪ್ಪಟೆ ಮೈಕು 3, ನಡುವೆ 8 ಅಡಿ ಅಂತರ, ಕಾಲಸಪ್ಪಳ ಹಿಡಿಯದಂತೆ ಪ್ರತಿಯೊಂದರ ಕೆಳಗೆ ಫೋಮಿನ ತುಂಡು. ಸ್ಪೀಕರುಗಳು ಮೈಕಿನ ಸಾಲಿಗಿಂತ ಮುಂದೆ, ಜನರ ಕಡೆಗೆ ಇರಬೇಕು. ಹಿಂದಿದ್ದರೆ ಕೂಗು ಹಾಕುತ್ತವೆ. ಕಾಲರ್ ಮೈಕು ಮಾತ್ರ ಬೇಡ. ಮಕ್ಕಳು ಓಡುತ್ತಾರೆ, ಬಟ್ಟೆ ಉಜ್ಜುತ್ತದೆ, ಬೆವರಿಗೆ ಅಂಟು ಬಿಡುತ್ತದೆ, ನಡುನಾಟಕದಲ್ಲಿ ಬ್ಯಾಟರಿ ಸಾಯುತ್ತದೆ.

ಮುಖವಾಡದ ಮಾತೊಂದು ಬಾಕಿ ಇದೆ, ಯಾಕೆಂದರೆ ರೆಕಾರ್ಡಿಂಗಿನವರು ಅದನ್ನೂ ನೆಪ ಮಾಡಿಕೊಳ್ಳುತ್ತಾರೆ. ಪೂರ್ತಿ ಮುಖ ಮುಚ್ಚಿದರೆ ಮಾತು ಒಳಗೇ ಉಳಿಯುತ್ತದೆ, ನಿಜ. ಅರ್ಧ ಮುಖವಾಡ ಮಾಡಿ, ಮೇಲ್ತುಟಿಯ ಮೇಲಕ್ಕೇ ನಿಲ್ಲಿಸಿ. ಒಂದು ಲೋಟ ಮೈದಾವನ್ನು ಒಂದು ಲೋಟ ತಣ್ಣೀರಿನಲ್ಲಿ ಗಂಟಿಲ್ಲದೆ ಕಲಸಿ, ಕುದಿಯುವ 4 ಲೋಟ ನೀರಿಗೆ ಹಾಕಿ ತಿರುವುತ್ತಾ ಇರಿ, ಬಿಳಿ ಬಣ್ಣ ಹೋಗಿ ಅಂಟಾಗುವವರೆಗೆ. ಹುಳು ಹಿಡಿಯದಿರಲಿ ಅಂತ ಮೈಲುತುತ್ತ ಹಾಕುವ ಹಳೆಯ ಅಭ್ಯಾಸವಿದೆ. ಅದು ವಿಷ, ಮಕ್ಕಳ ಕೈಗೆ ಬೇಡವೇ ಬೇಡ. ಒಂದು ಚಮಚ ಉಪ್ಪು ಹಾಕಿ, ಬೇಸಿಗೆಯಲ್ಲಿ ದಿನಾ ಹೊಸದಾಗಿ ಕಾಯಿಸಿ. ಜೇಡಿಮಣ್ಣಿನ ಅಚ್ಚಿನ ಮೇಲೆ ಮೊದಲ ಪದರ ಬರೀ ಒದ್ದೆ ಕಾಗದ, ಆಮೇಲೆ ಅಂಟು ಹಚ್ಚಿದ 5-6 ಪದರ. ಕಾಗದವನ್ನು ಕತ್ತರಿಸದೆ ಕೈಯಿಂದ ಹರಿಯಬೇಕು, ಆಗ ಅಂಚು ಕೂತುಕೊಳ್ಳುತ್ತದೆ. ಒಂದು ಪದರ ಪತ್ರಿಕೆ, ಒಂದು ಪದರ ಕಂದು ಕಾಗದ ಇಟ್ಟರೆ ಎಲ್ಲಿ ಬಿಟ್ಟುಹೋಗಿದೆ ಅಂತ ಕಾಣುತ್ತದೆ. ನೆರಳಲ್ಲಿ 2 ದಿನ ಒಣಗಲಿ. ಬಿಸಿಲಿಗಿಟ್ಟರೆ ಸೊಟ್ಟಗಾಗುತ್ತದೆ. ಕಣ್ಣಿನ ತೂತು ಹೆಬ್ಬೆರಳು ಸಲೀಸಾಗಿ ಹೋಗುವಷ್ಟಿರಲಿ, ಇಲ್ಲದಿದ್ದರೆ ವೇದಿಕೆಯ ಅಂಚು ಕಾಣದೆ ಬೀಳುತ್ತಾರೆ.

'ಎಲ್ಲ ಮಕ್ಕಳಿಗೂ ಮಾತು ಬರಬೇಕಲ್ಲ? ಸಂಕೋಚದ ಮಕ್ಕಳ ಗತಿ?' ಇದನ್ನು ಕಾಳಜಿಯಿಂದಲೇ ಕೇಳುವವರೂ ಇದ್ದಾರೆ. ಅದಕ್ಕೆ ಉತ್ತರ ಮೇಳ, ಅಂದರೆ ಒಟ್ಟಾಗಿ ಹಾಡುವ, ಹೇಳುವ ಗುಂಪು. ಸ್ಪೀಕರ್ ಅಲ್ಲ. 25 ಮಕ್ಕಳು, 40 ನಿಮಿಷದ ನಾಟಕ, ಒಬ್ಬೊಬ್ಬರಿಗೆ 6-8 ಸಾಲಿಗಿಂತ ಹೆಚ್ಚಿಲ್ಲ, ಉಳಿದದ್ದೆಲ್ಲ ಮೇಳಕ್ಕೆ. ಯಾರೂ ಒಳಗೆ ಹೋಗುವುದಿಲ್ಲ. ಪಾತ್ರ ಮುಗಿದವರು ಅಲ್ಲೇ ಬದಿಯಲ್ಲಿ ಕೂತು ಹಾಡುತ್ತಾರೆ, ತಾಳ ಹಾಕುತ್ತಾರೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ' ಶಿಬಿರಗಳಿಗೆ ಒದಗಿಬರುವುದು ಇದಕ್ಕೇ: ಇಲಿಗಳ ಹಿಂಡಿದೆ, ಮಕ್ಕಳ ಹಿಂಡಿದೆ, ಎಲ್ಲವೂ ಲಯದಲ್ಲಿದೆ. ತೊದಲುವ ಮಕ್ಕಳಲ್ಲಿ ಬಹಳಷ್ಟು ಮಂದಿ ಗುಂಪಿನ ಜೊತೆ ಹೇಳುವಾಗ, ಹಾಡುವಾಗ ತೊದಲುವುದಿಲ್ಲ. ಮೂರನೇ ವಾರದಲ್ಲಿ ಅಂಥ ಮಗುವಿನ ಪಕ್ಕದವರ ದನಿಯನ್ನು ನಿಧಾನಕ್ಕೆ ತಗ್ಗಿಸುತ್ತಾ ಬಂದರೆ ಒಂದು ಸಾಲು ಅದೊಂದರಿಂದಲೇ ಹೊರಡುತ್ತದೆ. ಆ ಸಾಲನ್ನು ರೆಕಾರ್ಡಿಂಗಿನಲ್ಲಿ ಮುಚ್ಚಿಹಾಕುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಕೊನೆಯದಾಗಿ ಹಣ ಮತ್ತು ಮಳೆ. ಸಮಾರೋಪಗಳು ಬೀಳುವುದು ಮೇ ಮಧ್ಯದ ಕೃತ್ತಿಕಾ ಮಳೆಯ ಹೊತ್ತಿಗೆ, ಗುಡುಗು ಶುರುವಾಗುವುದು ಸಂಜೆಯೇ. ಬಯಲಿನ ಪ್ರದರ್ಶನವನ್ನು ಬೆಳಿಗ್ಗೆ 8ಕ್ಕೆ ಇಟ್ಟರೆ ಮಳೆಯ ಭಯವಿಲ್ಲ, ದೀಪದ ಬಾಡಿಗೆಯೂ ಇಲ್ಲ. ಸಭಾಂಗಣ, ಸ್ಟುಡಿಯೋ, ಸ್ಯಾಟಿನ್ ಬಟ್ಟೆಯ ಬಾಡಿಗೆ ಉಳಿಸಿದ ದುಡ್ಡಿನಲ್ಲಿ ಒಂದರ ಬದಲು ಮೂರು ಪ್ರದರ್ಶನ ಮಾಡಬಹುದು, ಮಾಡಲೇಬೇಕು. ಮೊದಲನೆಯದರಲ್ಲಿ ಮಕ್ಕಳು ಭಯಕ್ಕೆ ಓಡೋಡಿ ಮಾತಾಡುತ್ತಾರೆ, 40 ನಿಮಿಷದ್ದು 30ಕ್ಕೇ ಮುಗಿಯುತ್ತದೆ. ಎರಡನೆಯದರಲ್ಲಿ ಜನ ಎಲ್ಲಿ ನಗುತ್ತಾರೆ ಅಂತ ತಿಳಿದು, ಅಲ್ಲಿ ನಿಲ್ಲಲು ಶುರುಮಾಡುತ್ತಾರೆ. ತಂದೆತಾಯಿಗಳನ್ನು ಮೂರನೆಯದಕ್ಕೆ ಕರೆಯಿರಿ. ಮೊದಲೆರಡಕ್ಕೆ ಪಕ್ಕದ ಬೀದಿಯವರು ಬರಲಿ, ಮಾರುಕಟ್ಟೆಯ ಹೂವಿನವರು ಬರಲಿ. ಅವರ ಮೊಳವನ್ನೇ ತಾನೆ ಮಕ್ಕಳು ಕಲಿತದ್ದು, ಸರಿಯಾಗಿ ಹಾಕಿದ್ದಾರೋ ಇಲ್ಲವೋ ಅವರೇ ಹೇಳಲಿ.