ಯಾರು ಇಳಿಸಿದರು ಅಂತ ಬರೆಯೋಣ

ನಾನು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್‌ಗೆ ಬಂದದ್ದು 2017ರಲ್ಲಿ. ಆ ವರ್ಷದ ನವೆಂಬರ್‌ನಲ್ಲಿ ಇಲ್ಲಿನ ಪತ್ರಿಕೆಗಳಲ್ಲಿ ಒಂದು ಮೊಕದ್ದಮೆಯ ಸುದ್ದಿ ಮತ್ತೆ ಮತ್ತೆ ಬರುತ್ತಿತ್ತು. ಲಿಂಪೋಪೋ ಪ್ರಾಂತ್ಯದ ಚೆಬೆಂಗ್ ಅನ್ನುವ ಹಳ್ಳಿ. ಅಲ್ಲಿನ ಪ್ರಾಥಮಿಕ ಶಾಲೆಗೆ ಮೈಕೆಲ್ ಕೋಮಾಪೆ ಎಂಬ ಐದು ವರ್ಷದ ಹುಡುಗ ಸೇರಿ ಕೆಲವೇ ದಿನಗಳಾಗಿದ್ದವು. 2014ರ ಜನವರಿ 20ರಂದು ಅವನು ಶಾಲೆಯ ಗುಂಡಿ ಕಕ್ಕಸಿಗೆ ಹೋದ. ಕೂರುವ ಜಾಗದ ತಗಡು ತುಕ್ಕು ಹಿಡಿದಿತ್ತು. ಅದು ಕುಸಿಯಿತು. ಹುಡುಗ ಒಳಗೆ ಬಿದ್ದು ಸತ್ತ. ಅಮ್ಮ ಶಾಲೆಗೆ ಬಂದು ಗುಂಡಿಯಲ್ಲಿ ನೋಡಿದಾಗ ಮಗನ ಪುಟ್ಟ ಕೈ ಕಂಡಿತು.

ನಾನು ಓದಿದ ವರದಿಗಳಲ್ಲಿ ಇಷ್ಟನ್ನೇ ಬರೆದಿದ್ದರು. 'ಘೋರ', 'ಹೃದಯವಿದ್ರಾವಕ' ಅಂತೆಲ್ಲ ಏನೂ ಇರಲಿಲ್ಲ. ಹುಡುಗನ ಹೆಸರು, ತಾರೀಖು, ತುಕ್ಕು ಹಿಡಿದ ತಗಡು. ಹೊಸ ಶೌಚಾಲಯ ಕಟ್ಟಿಸಿಕೊಡಿ ಅಂತ ಶಾಲೆಯವರು ಅದಕ್ಕೂ ಮೊದಲೇ ಇಲಾಖೆಗೆ ಬರೆದಿದ್ದ ಪತ್ರಗಳು. ಅಷ್ಟು ಸಾಕಾಯಿತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆಗಲೇ ನಮ್ಮೂರಿನ ಪತ್ರಿಕೆಗಳ ಮಾತು ನೆನಪಾಗತೊಡಗಿತು. ನಾನು ಚಿತ್ರದುರ್ಗ ಜಿಲ್ಲೆಯವನು. ಶಾಲೆಯ ಶೌಚಾಲಯದ ಸುದ್ದಿ ಅಂದರೆ ಹೇಗಿರುತ್ತದೆ ಅಂತ ನಮಗೆಲ್ಲ ಬಾಯಿಪಾಠ. 'ಮೂಲಸೌಕರ್ಯ ವಂಚಿತ ಶಾಲೆ', 'ವಿದ್ಯಾರ್ಥಿಗಳ ಪರದಾಟ', 'ಶೌಚಾಲಯ ಮರೀಚಿಕೆ', 'ಮಕ್ಕಳಿಗೆ ಬಯಲೇ ಗತಿ'. ಕೊನೆಗೆ 'ಸಂಬಂಧಪಟ್ಟವರು ಇನ್ನಾದರೂ ಎಚ್ಚೆತ್ತುಕೊಳ್ಳುವರೇ ಕಾದು ನೋಡಬೇಕಿದೆ'. ಬರೆದವರಿಗೆ ಕಾಳಜಿ ಇಲ್ಲ ಅಂತ ನಾನು ಹೇಳುತ್ತಿಲ್ಲ. ಹೋಬಳಿ ಮಟ್ಟದ ವರದಿಗಾರರು ಎಷ್ಟು ಕಷ್ಟಪಟ್ಟು ಸುದ್ದಿ ತರುತ್ತಾರೆ ಅಂತ ಗೊತ್ತು. ಆದರೆ ಆ ಮಾತುಗಳು ಸವೆದುಹೋಗಿವೆ. 'ಸಂಬಂಧಪಟ್ಟವರು' ಅಂದರೆ ಯಾರು? ಓದುವ ಅಧಿಕಾರಿಗೆ ಅದು ತನ್ನ ಮೇಲಿನವರು ಅನ್ನಿಸುತ್ತದೆ, ಮೇಲಿನವರಿಗೆ ಕೆಳಗಿನವರು ಅನ್ನಿಸುತ್ತದೆ. 'ಪರದಾಟ' ಅಂದರೆ ಮಕ್ಕಳೇ ಏನೋ ಮಾಡುತ್ತಿದ್ದಾರೆ ಅನ್ನುವ ಹಾಗೆ ಕೇಳಿಸುತ್ತದೆ, ಅಲ್ವಾ?

2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಒಂದು ವಸತಿ ಶಾಲೆಯ ಸುದ್ದಿ ಬಂತು. ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಿದ್ದರು. ಬಂಧನಗಳಾದವು, ಸರ್ಕಾರ ಶಾಲೆಯ ಸಿಬ್ಬಂದಿಯನ್ನು ಅಮಾನತು ಮಾಡಿತು. ಆ ದಿನಗಳಲ್ಲಿ ಊರಿನ ಸ್ನೇಹಿತರ ವಾಟ್ಸಾಪ್ ಗುಂಪಿನಲ್ಲಿ ಒಂದು ಸಾಲು ಓಡಾಡುತ್ತಿತ್ತು: 'ಮಲದ ಗುಂಡಿ ಸ್ವಚ್ಛಗೊಳಿಸಿದ ವಿದ್ಯಾರ್ಥಿಗಳು'. ನಾನು ಅದನ್ನು ನಾಲ್ಕು ಸಲ ಓದಿದೆ. ಆ ಸಾಲಿನಲ್ಲಿ ಕೆಲಸ ಮಾಡಿದವರು ಮಕ್ಕಳು. ದೊಡ್ಡವರು ಎಲ್ಲಿಯೂ ಇಲ್ಲ.

ನಮ್ಮ ಕನ್ನಡದಲ್ಲಿ ಇದಕ್ಕೆ ಎಷ್ಟು ಒಳ್ಳೆಯ ದಾರಿ ಇದೆ ನೋಡಿ. ತೊಳೆದರು, ತೊಳೆಸಿದರು. ಇಳಿದರು, ಇಳಿಸಿದರು. ಒಂದೇ ಒಂದು 'ಇಸು' ಸೇರಿದರೆ ಸಾಕು, ಹಿಂದೆ ನಿಂತಿದ್ದವರು ಮುಂದೆ ಬರುತ್ತಾರೆ. 'ಮಕ್ಕಳು ಗುಂಡಿಗೆ ಇಳಿದರು' ಅಂದರೆ ಓದುವವರಿಗೆ ಮಕ್ಕಳ ಮೇಲೆ ಕನಿಕರ ಬರುತ್ತದೆ. 'ಮಕ್ಕಳನ್ನು ಗುಂಡಿಗೆ ಇಳಿಸಿದರು' ಅಂದ ತಕ್ಷಣ 'ಯಾರು?' ಅನ್ನುವ ಪ್ರಶ್ನೆ ತಾನಾಗಿ ಏಳುತ್ತದೆ. ಹೊರಗಿನಿಂದ ಏನನ್ನೂ ಕಲಿಯಬೇಕಾಗಿಲ್ಲ. ಅಜ್ಜಿ ಮನೆಯಲ್ಲಿ ದಿನಾ ಆಡುವ ಮಾತೇ ಇದು: 'ಆ ಹುಡುಗಿ ಕೈಲಿ ಯಾಕೆ ಮಾಡಿಸಿದೆ?'

ದಕ್ಷಿಣ ಆಫ್ರಿಕಾದವರು 'ಯಾರು' ಅನ್ನುವ ಪ್ರಶ್ನೆಯನ್ನು ಬಿಡಲಿಲ್ಲ. 2013ರ ನವೆಂಬರ್‌ನಲ್ಲೇ ಇಲ್ಲಿ ಶಾಲಾ ಕಟ್ಟಡಗಳಿಗೆ ನಿಯಮ ಬಂದಿತ್ತು. ಬರೀ ಗುಂಡಿ ತೋಡಿದ ಕಕ್ಕಸು ಶಾಲೆಯಲ್ಲಿ ಇರಕೂಡದು, ಮೂರು ವರ್ಷದೊಳಗೆ ತೆಗೆಯಬೇಕು ಅಂತ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲು ಇತ್ತು. ಬೇರೆ ಸರ್ಕಾರಿ ಸಂಸ್ಥೆಗಳ ಹಣ ಮತ್ತು ಸಹಕಾರ ಸಿಕ್ಕರೆ ಮಾತ್ರ ಇದೆಲ್ಲ ಜಾರಿ ಅನ್ನುವ ಅರ್ಥದ ಸಾಲು. 'ಅನುದಾನ ಲಭ್ಯತೆಗೆ ಅನುಗುಣವಾಗಿ' ಅಂತ ನಮ್ಮ ಕಡತಗಳಲ್ಲಿ ಬರುತ್ತದಲ್ಲ, ಹಾಗೇ. ಈಕ್ವಲ್ ಎಜುಕೇಶನ್ ಅನ್ನುವ ಸಂಘಟನೆ ಆ ಸಾಲಿನ ಮೇಲೇ ನ್ಯಾಯಾಲಯಕ್ಕೆ ಹೋಯಿತು. 2018ರ ಜುಲೈ 19ರಂದು ಭಿಶೋ ಹೈಕೋರ್ಟ್ ಅದನ್ನು ಹೊಡೆದು ಹಾಕಿತು. ಅವರ ಸಂವಿಧಾನದ 29ನೇ ವಿಧಿ ಮೂಲ ಶಿಕ್ಷಣದ ಹಕ್ಕಿಗೆ 'ಹಂತಹಂತವಾಗಿ' ಅನ್ನುವ ಷರತ್ತು ಹಾಕಿಲ್ಲ. ಒಂದು ವಾಕ್ಯಕ್ಕಾಗಿ ಅಷ್ಟು ಜನ ಹೋರಾಡಿದ್ದು ನನಗೆ ದೊಡ್ಡ ವಿಷಯ ಅನ್ನಿಸಿತು.

ಆ ಮೊಕದ್ದಮೆ ಹೂಡಿದ್ದ ಕೋಮಾಪೆ ಕುಟುಂಬಕ್ಕೆ ಮೊದಲು ಹೈಕೋರ್ಟ್‌ನಲ್ಲಿ ಕೇಳಿದ ಪರಿಹಾರ ಸಿಗಲಿಲ್ಲ. ಕೊನೆಗೆ 2019ರ ಡಿಸೆಂಬರ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಪರಿಹಾರ ಕೊಡಿಸಿತು. ಅವರ ಪರವಾಗಿ ನಿಂತದ್ದು ಸೆಕ್ಷನ್ 27 ಎಂಬ ಕಾನೂನು ಸಂಸ್ಥೆ.

ಇಲ್ಲಿ ಎಲ್ಲ ಸರಿಹೋಗಿದೆ ಅಂತಲ್ಲ. ಮೂರು ವರ್ಷದ ಗಡುವು ದಾಟಿತು. 2018ರ ಮಾರ್ಚ್‌ನಲ್ಲಿ ಈಸ್ಟರ್ನ್ ಕೇಪ್ ಪ್ರಾಂತ್ಯದಲ್ಲಿ ಇನ್ನೊಂದು ಐದು ವರ್ಷದ ಮಗು ಶಾಲೆಯ ಗುಂಡಿಯಲ್ಲೇ ಸತ್ತಿತು. ಅದಾದ ಮೇಲೆ ಆಗಸ್ಟ್‌ನಲ್ಲಿ ರಾಷ್ಟ್ರಾಧ್ಯಕ್ಷ ರಾಮಫೋಸಾ ಶಾಲಾ ಶೌಚಾಲಯಗಳಿಗಾಗಿ ಬೇರೆ ಯೋಜನೆ ಶುರುಮಾಡಿದರು. ಬರವಣಿಗೆ ಗುಂಡಿ ಮುಚ್ಚುವುದಿಲ್ಲ, ನಿಜ. ಆದರೆ ಯಾರು ಮುಚ್ಚಬೇಕು ಅನ್ನುವುದನ್ನು ಮರೆಯಲು ಬಿಡುವುದಿಲ್ಲ.

ನಮ್ಮಲ್ಲಿ ಕಾನೂನಿಗೆ ಕೊರತೆ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲೇ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ ಅಂತ ಇದೆ. ಎಲ್ಲ ಶಾಲೆಗಳಲ್ಲೂ ಆರು ತಿಂಗಳೊಳಗೆ ಶೌಚಾಲಯ ಕಟ್ಟಿಸಿ ಅಂತ ಸುಪ್ರೀಂ ಕೋರ್ಟ್ 2012ರ ಅಕ್ಟೋಬರ್‌ನಲ್ಲಿ ಹೇಳಿತ್ತು. ಆದರೂ ನಾವು ಅರ್ಜಿ ಬರೆಯುವಾಗ 'ತಮ್ಮಲ್ಲಿ ಕಳಕಳಿಯಿಂದ ಪ್ರಾರ್ಥಿಸಿಕೊಳ್ಳುವುದೇನೆಂದರೆ' ಅಂತಲೇ ಶುರುಮಾಡುತ್ತೇವೆ. ಇರುವ ಹಕ್ಕನ್ನು ಕೈಮುಗಿದು ಬೇಡುತ್ತೇವೆ.

ಕಳೆದ ವರ್ಷ ನಾನು ಓದಿದ ಶಾಲೆಗಾಗಿ ಒಂದು ಅರ್ಜಿ ಬರೆದುಕೊಡಿ ಅಂತ ಎಸ್‌ಡಿಎಂಸಿಯವರು, ಅಂದರೆ ಶಾಲಾಭಿವೃದ್ಧಿ ಸಮಿತಿಯವರು, ಕೇಳಿದರು. ಹೆಣ್ಣುಮಕ್ಕಳ ಶೌಚಾಲಯದ ತೊಂದರೆ. ನಾನು ಅಲ್ಲಿ ಓದುವಾಗಲೂ ಅದಕ್ಕೆ ಬೀಗ ಇರುತ್ತಿತ್ತು. ನನ್ನ ತಂಗಿ ಬೆಳಿಗ್ಗೆ ಮನೆಯಿಂದ ಹೊರಟರೆ ಸಂಜೆವರೆಗೆ ನೀರು ಕುಡಿಯುತ್ತಿರಲಿಲ್ಲ. ನಾನು ಮೊದಲು ಬರೆದದ್ದು ಅದೇ ಹಳೇ ಧಾಟಿ. 'ವಿದ್ಯಾರ್ಥಿನಿಯರು ತೀವ್ರ ತೊಂದರೆ ಅನುಭವಿಸುತ್ತಿದ್ದು' ಅಂತ. ಹರಿದು ಹಾಕಿ ಮತ್ತೆ ಕೂತೆ. ಮೂರು ಬಾಗಿಲು, ಎರಡಕ್ಕೆ ಚಿಲಕ ಇಲ್ಲ. ಟ್ಯಾಂಕ್ ಒಡೆದಿದೆ. ಬೀಗದ ಕೈ ಯಾರ ಹತ್ತಿರ ಇರುತ್ತದೆ. ಯಾವ ತಿಂಗಳು ಯಾರಿಗೆ ತಿಳಿಸಿದ್ದೇವೆ. ಎಲ್ಲ ಬರೆದು ಕಳಿಸಿದೆ.

ಒಬ್ಬ ಸದಸ್ಯರು ಫೋನ್ ಮಾಡಿದರು. 'ಸರ್, ಚೆನ್ನಾಗಿದೆ. ಆದ್ರೆ ಯಾರಿಗೆ ಹೇಳಿದ್ವಿ ಅಂತ ಹೆಸರು ಹಾಕ್ಬೇಕಾ? ನೀವು ದೂರ ಇದ್ದೀರಿ. ನಾಳೆ ನಮ್ಮ ಮಕ್ಕಳು ಅಲ್ಲೇ ಓದಬೇಕಲ್ವಾ?'

ಆ ಮಾತು ನನ್ನನ್ನು ತಡೆಯಿತು. 'ಸಂಬಂಧಪಟ್ಟವರು' ಅನ್ನುವ ಪದ ಎಲ್ಲಿಂದ ಬರುತ್ತದೆ ಅಂತ ಆಗ ಅರ್ಥವಾಯಿತು. ಅದು ಸೋಮಾರಿತನದ ಪದ ಅಂದುಕೊಂಡಿದ್ದೆ. ಅದು ಭಯದ ಪದ. ಚೆಬೆಂಗ್‌ನ ಆ ತಂದೆತಾಯಿಗೆ ವಕೀಲರ ಬೆಂಬಲ ಇತ್ತು. ನಮ್ಮೂರಿನ ಈ ಅಪ್ಪನಿಗೆ ಯಾರಿದ್ದಾರೆ? ಹೆಸರು ಹಾಕಿ ಅಂತ ಒತ್ತಾಯಿಸುವ ಹಕ್ಕು ನನಗಿಲ್ಲ. ಹಾಗಾಗಿ ಹೆಸರು ತೆಗೆದು ಹುದ್ದೆ ಬರೆದೆವು. ಯಾವ ಹುದ್ದೆಯವರು ಏನು ಮಾಡಬೇಕು, ಯಾವ ತಾರೀಖಿನೊಳಗೆ ಅಂತ. ಒಬ್ಬರ ಬದಲು ಇಪ್ಪತ್ತಾರು ಪೋಷಕರು ಸಹಿ ಹಾಕಿದರು. ಹತ್ತು ಜನ ಹೆಬ್ಬೆಟ್ಟು ಒತ್ತಿದರು.

ಕಳಿಸುವ ಮುಂಚೆ ತಂಗಿಗೆ ಓದಿ ಹೇಳಿದೆ. ಅವಳು ಈಗ ಅದೇ ತಾಲ್ಲೂಕಿನಲ್ಲಿ ಅಂಗನವಾಡಿ ಕಾರ್ಯಕರ್ತೆ. 'ಅಣ್ಣ, ಹುಡುಗೀರು ನೀರು ಕುಡಿಯಲ್ಲ ಅಂತ ಬರ್ದಿದ್ದೀಯ. ಅದು ಸರಿ ಇಲ್ಲ' ಅಂದಳು. ಅವಳು ಹೇಳಿದ ಹಾಗೆ ತಿದ್ದಿದೆ: 'ಬಾಗಿಲಿಗೆ ಬೀಗ ಹಾಕಿ, ಬೆಳಿಗ್ಗೆಯಿಂದ ಸಂಜೆವರೆಗೆ ನಮ್ಮ ಹುಡುಗಿಯರನ್ನು ಬಾಯಾರಿಸಿ ಕೂರಿಸಿದ್ದೀರಿ.' ಪತ್ರಕ್ಕೆ ಸ್ವೀಕೃತಿ ಸೀಲ್ ಹಾಕಿಸಿಕೊಂಡು ಬಂದಿದ್ದಾರೆ. ಅದರ ಫೋಟೋ ನನ್ನ ಫೋನಿನಲ್ಲಿದೆ.