ಡಿಟರ್ಮಿನಿಂಗ್ ಎಂಬ ಜರ್ಮನ್ ವಿಜ್ಞಾನಿ

ಸೆಕೆಂಡ್ ಪಿಯುಸಿಯಲ್ಲಿದ್ದಾಗ ನನಗೆ ಒಬ್ಬ ವಿಜ್ಞಾನಿಯ ಮೇಲೆ ಭಾರಿ ಗೌರವ ಇತ್ತು. ಹೆಸರು ಡಿಟರ್ಮಿನಿಂಗ್.

ಆರ್ಗ್ಯಾನಿಕ್ ಕೆಮಿಸ್ಟ್ರಿಯಲ್ಲಿ ಎಲ್ಲಿ ನೋಡಿದರೂ ರಿಯಾಕ್ಷನ್‌ಗಳಿಗೆ ಯಾರದೋ ಹೆಸರು ತಾನೇ? ಸ್ಯಾಂಡ್‌ಮೇಯರ್, ಕೋಲ್ಬೆ, ಗಾಟರ್‌ಮನ್, ಕ್ಲೆಮೆನ್ಸನ್. ಹಾಗಾಗಿ ‘ರೇಟ್ ಡಿಟರ್ಮಿನಿಂಗ್ ಸ್ಟೆಪ್’ ಅಂದರೆ ಡಿಟರ್ಮಿನಿಂಗ್ ಎಂಬ ಜರ್ಮನಿಯವನು ಕಂಡುಹಿಡಿದ ಸ್ಟೆಪ್ ಅಂದುಕೊಂಡಿದ್ದೆ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ ನೋಡಿ. ‘ನಿರ್ಧರಿಸುವ’ ಅನ್ನೋ ಮಾಮೂಲಿ ಪದ ಅದು, ರಿಯಾಕ್ಷನ್ ಎಷ್ಟು ಬೇಗ ಆಗುತ್ತೆ ಅಂತ ನಿರ್ಧರಿಸುವ ಸ್ಟೆಪ್ ಅಂತ ತಿಳಿದಿದ್ದು ಡಿಗ್ರಿಗೆ ಬಂದ ಮೇಲೆ. ಪರೀಕ್ಷೆಯಲ್ಲಿ ಮಾತ್ರ ಸ್ಪೆಲ್ಲಿಂಗ್ ಸಮೇತ ಸರಿಯಾಗಿ ಬರೆದಿದ್ದೆ. ಉರು ಹೊಡೆದಿದ್ದೆನಲ್ಲ!

ಇದೆಲ್ಲ ನೆನಪಾಗಿದ್ದು ದಸರಾ ರಜೆಗೆ ಅಕ್ಕನ ಮಗಳು ಮನೆಗೆ ಬಂದಾಗ. ಅವಳೂ ಕನ್ನಡ ಮೀಡಿಯಂನವಳೇ, ಈಗ ಸೆಕೆಂಡ್ ಪಿಯು ಸೈನ್ಸ್. ರಾತ್ರಿ ಊಟ ಆದ ಮೇಲೆ ನೋಟ್ಸ್ ಹಿಡಿದು, ಕಣ್ಣು ಮುಚ್ಚಿ, ಹಿಂದೆ ಮುಂದೆ ತೂಗುತ್ತಾ ಎಥನಾಲ್ ಡೀಹೈಡ್ರೇಷನ್ ಮೆಕ್ಯಾನಿಸಂ, ಅಂದರೆ ಎಥನಾಲ್‌ನಿಂದ ನೀರು ಹೇಗೆ ಹಂತ ಹಂತವಾಗಿ ಹೊರಗೆ ಹೋಗುತ್ತೆ ಅನ್ನೋದನ್ನು ಹೇಳಿಕೊಳ್ಳುತ್ತಿದ್ದಳು. ಸ್ಟೆಪ್ ಒಂದು, ಸ್ಟೆಪ್ ಎರಡು, ಸ್ಟೆಪ್ ಮೂರು. ಮಂತ್ರಪುಷ್ಪದ ಹಾಗೆ. ಒಂದು ಅಕ್ಷರ ತಪ್ಪಲಿಲ್ಲ.

‘ಎಥನಾಲ್ ಬಿಟ್ಟು ಇನ್ನೊಂದು ಆಲ್ಕೋಹಾಲ್, ಪ್ರೊಪನ್-2-ಆಲ್ ಕೊಟ್ಟರೆ?’ ಅಂತ ಕೇಳಿದೆ.

‘ಅದು ಬರಲ್ಲ ಮಾಮ, ಇಂಪಾರ್ಟೆಂಟ್ ಅಲ್ಲ.’

ಅವಳ ಲೆಕ್ಕ ತಪ್ಪಲ್ಲ. ಹತ್ತು ಅಧ್ಯಾಯಗಳಲ್ಲಿ ಐದು ಆರ್ಗ್ಯಾನಿಕ್. ಅಷ್ಟರಲ್ಲಿ ಮೆಕ್ಯಾನಿಸಂ ಅಂತ ಕೇಳೋದು ಕೈಬೆರಳೆಣಿಕೆಯಷ್ಟು: ಒಂದು ಗುಂಪು ಹೋಗಿ ಅದರ ಜಾಗಕ್ಕೆ ಇನ್ನೊಂದು ಬರುವ ಎಸ್‌ಎನ್1, ಎಸ್‌ಎನ್2, ಈ ಎಥನಾಲ್, ಇನ್ನೊಂದೆರಡು. ಉರು ಹೊಡೆದರೆ ಮಾರ್ಕ್ಸ್ ಗ್ಯಾರಂಟಿ. ಪೋರ್ಷನ್ ಮುಗಿಸೋಕೆ ಒದ್ದಾಡುವ ಲೆಕ್ಚರರ್‌ಗಳೂ ‘ಇಷ್ಟು ಬರೆದುಬಿಡಿ ಸಾಕು’ ಅನ್ನುತ್ತಾರೆ. ಅವರನ್ನು ಬೈದು ಏನು ಮಾಡೋದು?

ಉರು ಹೊಡೆಯೋದೇ ತಪ್ಪು ಅನ್ನೋ ಗುಂಪಿಗೆ ನಾನು ಸೇರಿದವನಲ್ಲ. ಮಗ್ಗಿ ಉರು ಹೊಡೆದು ಬೆಳೆದವರು ನಾವು. ಎಥನಾಲ್‌ಗೆ ಆಸಿಡ್ ಹಾಕಿ ಕಾಯಿಸಿದರೆ 413 ಕೆಲ್ವಿನ್‌ಗೆ ಈಥರ್, 443 ಕೆಲ್ವಿನ್‌ಗೆ ಈಥೀನ್. ಇದನ್ನು ಎಷ್ಟು ಯೋಚನೆ ಮಾಡಿದರೂ ತಲೆಯಿಂದ ಹುಟ್ಟಿಸೋಕೆ ಆಗಲ್ಲ, ಬಾಯಿಪಾಠ ಮಾಡಲೇಬೇಕು. ಕ್ಲೆಮೆನ್ಸನ್ ರಿಯಾಕ್ಷನ್‌ಗೆ ಜಿಂಕ್ ಅಮಾಲ್ಗಮ್ ಮತ್ತು ಎಚ್‌ಸಿಎಲ್, ರೋಸೆನ್‌ಮಂಡ್‌ಗೆ ಬೇರಿಯಂ ಸಲ್ಫೇಟ್ ಮೇಲಿನ ಪಲ್ಲಾಡಿಯಂ. ಇದೂ ಅಷ್ಟೇ. ನನ್ನ ಹೊಟ್ಟೆಯುರಿ ಬೇರೆ. ಇಡೀ ಆರ್ಗ್ಯಾನಿಕ್‌ನಲ್ಲಿ ಇಂಗ್ಲಿಷ್ ಬೇಡದ ಜಾಗ ಇರೋದು ಒಂದೇ, ಮೆಕ್ಯಾನಿಸಂನಲ್ಲಿ ಎಲೆಕ್ಟ್ರಾನ್ ಓಡಾಟ ತೋರಿಸುವ ಆ ಬಾಗಿದ ಬಾಣಗಳು. ನಮ್ಮ ಕನ್ನಡ ಮೀಡಿಯಂ ಮಕ್ಕಳು ಯಾರಿಗೂ ಕಮ್ಮಿ ಇಲ್ಲದೆ ಗೆಲ್ಲಬಹುದಾದ ಜಾಗ ಅದು. ಅದನ್ನೂ ನಾವು ಇಂಗ್ಲಿಷ್ ವಾಕ್ಯ ಮಾಡಿ ಬಾಯಿಗೆ ತುರುಕುತ್ತೇವೆ.

ಆ ಬಾಣಕ್ಕೆ ನೂರು ವರ್ಷ ಆಯಿತು. 1922ರಲ್ಲಿ ಕರ್ಮಾಕ್ ಮತ್ತು ರಾಬಿನ್ಸನ್ ಅನ್ನೋ ಇಬ್ಬರು ಒಂದು ಲೇಖನದಲ್ಲಿ ಎಲೆಕ್ಟ್ರಾನ್ ಎಲ್ಲಿಂದ ಎಲ್ಲಿಗೆ ಹೋಯಿತು ಅಂತ ತೋರಿಸೋಕೆ ಬಳಸಿದ ಗುರುತು. ಜಪಾನಿನ ಹುಡುಗಿಗೂ ಜೇವರ್ಗಿಯ ಹುಡುಗನಿಗೂ ಅದು ಒಂದೇ ಥರ ಓದಿಸಿಕೊಳ್ಳುತ್ತೆ.

ಅವಳಿಗೆ ಬಾಯಲ್ಲಿ ಹೇಳೋದು ನಿಲ್ಲಿಸಿ ಬರಿ ಅಂದೆ. ಬರೆದಳು. ಮೊದಲ ಬಾಣವೇ ಉಲ್ಟಾ. ಆಸಿಡ್‌ನ ಎಚ್ ಪ್ಲಸ್‌ನಿಂದ ಹೊರಟು ಎಥನಾಲ್‌ನ ಆಕ್ಸಿಜನ್‌ಗೆ ಹೋಗಿತ್ತು. ನೋಟ್ಸ್‌ನಲ್ಲಿ ಸರಿಯಾಗೇ ಇದೆ. ಆದರೆ ಅವಳು ಬಾಣವನ್ನು ರಂಗೋಲಿ ಎಳೆಯಂತೆ ನೆನಪಿಟ್ಟುಕೊಂಡಿದ್ದಳು. ಯಾವ ಕಡೆ ತಲೆ, ಯಾವ ಕಡೆ ಬಾಲ ಅನ್ನೋದು ಅವಳಿಗೆ ಮುಖ್ಯವೇ ಅಲ್ಲ.

‘ಎಚ್ ಪ್ಲಸ್ ಹತ್ತಿರ ಎಷ್ಟು ಎಲೆಕ್ಟ್ರಾನ್ ಇದೆ?’

‘ಒಂದೂ ಇಲ್ಲ.’

‘ಅಕೌಂಟಲ್ಲಿ ಬ್ಯಾಲೆನ್ಸ್ ಜೀರೋ ಇರೋನು ಫೋನ್‌ಪೇ ಮಾಡ್ತಾನಾ?’

ಸ್ವಲ್ಪ ಹೊತ್ತು ಹಾಳೆ ನೋಡಿದಳು. ಆಮೇಲೆ ಬಾಣ ಅಳಿಸಿದಳು. ಆಕ್ಸಿಜನ್ ತಲೆ ಮೇಲೆ ಎರಡು ಚುಕ್ಕಿ ಇಟ್ಟು ಅಲ್ಲಿಂದ ಎಳೆದಳು. ಅಲ್ಲಿಂದ ಮುಂದೆ ನಾನು ಮಾತಾಡಲೇ ಇಲ್ಲ ಅಂದರೆ ನಂಬಿ. ಆಕ್ಸಿಜನ್ ಕೊಟ್ಟು ಕೊಟ್ಟು ಪ್ಲಸ್ ಆಯಿತು, ತಡೆಯಲಾರದೆ ನೀರಾಗಿ ಎದ್ದು ಹೋಯಿತು, ಹೋಗುವಾಗ ಬಾಂಡ್‌ನ ಎರಡೂ ಎಲೆಕ್ಟ್ರಾನ್ ಎತ್ತಿಕೊಂಡು ಹೋಯಿತು. ಪಾಪ ಕಾರ್ಬನ್ ಪ್ಲಸ್. ಪಕ್ಕದ ಕಾರ್ಬನ್ ಒಂದು ಎಚ್ ಬಿಟ್ಟುಕೊಟ್ಟು ಡಬಲ್ ಬಾಂಡ್ ಮಾಡಿಕೊಂಡಿತು. ಮೊದಲು ಸಾಲ ಕೊಟ್ಟ ಆಸಿಡ್‌ಗೆ ಅದರ ಎಚ್ ಪ್ಲಸ್ ವಾಪಸ್. ಎಲ್ಲವನ್ನೂ ಕನ್ನಡದಲ್ಲೇ ಗೊಣಗಿಕೊಂಡು ಬರೆದಳು.

ನ್ಯೂಕ್ಲಿಯೋಫೈಲ್ ಅಂದರೆ ನ್ಯೂಕ್ಲಿಯಸ್ ಅನ್ನು ಇಷ್ಟಪಡೋದು, ಅಂದರೆ ಪ್ಲಸ್ ಕಂಡ ಕಡೆ ಓಡೋದು ಅಂತಲೂ ಹೇಳಿದೆ. ‘ಇಷ್ಟೇನಾ? ನಾನು ಇದೂ ಯಾರದೋ ಹೆಸರು ಅಂದ್ಕೊಂಡಿದ್ದೆ’ ಅಂದಳು. ನನಗೆ ಆಗ ನನ್ನ ಡಿಟರ್ಮಿನಿಂಗ್ ಸಾಹೇಬರ ಕಥೆ ಹೇಳದೆ ಇರೋಕೆ ಆಗಲಿಲ್ಲ. ಬಿದ್ದು ಬಿದ್ದು ನಕ್ಕಳು.

ಸಿಇಟಿಯಲ್ಲಿ ಕೆಮಿಸ್ಟ್ರಿಗೆ 60 ಪ್ರಶ್ನೆ, 80 ನಿಮಿಷ. ಅಲ್ಲಿ ‘ಮೆಕ್ಯಾನಿಸಂ ಬರೆಯಿರಿ’ ಅಂತ ಯಾರೂ ಕೇಳಲ್ಲ. ಈ ನಾಲ್ಕರಲ್ಲಿ ಎಸ್‌ಎನ್1 ಯಾವುದರಲ್ಲಿ ಬೇಗ ಆಗುತ್ತೆ ಅಂತ ಕೇಳುತ್ತಾರೆ. ನೋಟ್ಸ್‌ನ ಉದಾಹರಣೆ ಟರ್ಷಿಯರಿ ಬ್ಯುಟೈಲ್ ಬ್ರೋಮೈಡ್ ಒಂದನ್ನೇ ಉರು ಹೊಡೆದವರಿಗೆ ಆ ನಾಲ್ಕರಲ್ಲಿ ಅದು ಇಲ್ಲದಿದ್ದರೆ ಕೈಕಾಲು ಆಡಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಉಳಿಸಿದ ಶ್ರಮಕ್ಕೆ ಇಲ್ಲಿ ಬಡ್ಡಿ ಕಟ್ಟಬೇಕು.

ಇಡೀ ವರ್ಷ ಬೇಡ. ಫಸ್ಟ್ ಪಿಯುನಲ್ಲಿ ಒಂದು ವಾರ, ದಿನಕ್ಕೊಂದು ಪೀರಿಯಡ್, ಬರೀ ಬಾಣ. ಪಾಠ ಕನ್ನಡದಲ್ಲಿ ನಡೆಯಲಿ, ಉತ್ತರ ಇಂಗ್ಲಿಷ್‌ನಲ್ಲೇ ಬರೆದುಕೊಳ್ಳಲಿ. ಪ್ರಶ್ನೆಪತ್ರಿಕೆ ಮಾಡೋರು ಎಥನಾಲ್ ಬದಲು ವರ್ಷಕ್ಕೊಂದು ಬೇರೆ ಆಲ್ಕೋಹಾಲ್ ಕೊಟ್ಟು ನೋಡಲಿ. ಮೊದಲ ವರ್ಷ ಪೇರೆಂಟ್ಸ್ ‘ಔಟ್ ಆಫ್ ಸಿಲಬಸ್’ ಅಂತ ಬೊಬ್ಬೆ ಹೊಡೆಯುತ್ತಾರೆ, ಅದು ಗೊತ್ತಿದ್ದದ್ದೇ.

ಅವತ್ತು ಎಥನಾಲ್ ಆದ ಮೇಲೆ ಅದೇ ಥರ ಪ್ರೊಪನ್-2-ಆಲ್ ಕೂಡ ಮುಗಿಸಿದ ಅಕ್ಕನ ಮಗಳು ತಾನಾಗೇ ಇನ್ನೊಂದು ಕಾರ್ಬನ್ ಸೇರಿಸಿ ಬ್ಯುಟನ್-2-ಆಲ್ ಬರೆದಳು. ನೀರು ಹೋಯಿತು, ಪ್ಲಸ್ ಬಂತು. ಪೆನ್ ಅಲ್ಲೇ ನಿಂತಿತು.

‘ಮಾಮ, ಈಗ ಎಚ್ ಯಾವ ಕಡೆಯಿಂದ ಹೋಗ್ಬೇಕು? ಎಡಕ್ಕಾ, ಬಲಕ್ಕಾ? ಎರಡೂ ಬೇರೆ ಬೇರೆ ಬರುತ್ತೆ.’

ನನಗೆ ತಕ್ಷಣ ಹೊಳೆಯಲಿಲ್ಲ. ಮೊಬೈಲ್ ತೆಗೆದು ನೋಡಿ ‘ಎರಡೂ ಆಗುತ್ತೆ, ಜಾಸ್ತಿ ಆಗೋದು ಬ್ಯುಟ್-2-ಈನ್. ಸೈತ್ಜೆಫ್ ರೂಲ್ ಅಂತ’ ಅಂದೆ.

ಅವಳು ಅನುಮಾನದಿಂದ ನೋಡಿದಳು. ‘ಇವನು ನಿಜವಾಗ್ಲೂ ಮನುಷ್ಯನಾ?’