ಕುದುರೆಯಿಲ್ಲದ ರಾವುತನ ಪಟ್ಟಿ ಪುರಾಣ

ಮೊಣಕಾಲಿನಿಂದ ಕೆಳಗೆ ಸಾಲಾಗಿ ಬಳೆ ತೊಟ್ಟ ಹಾಗೆ ಕೆಂಪು ಗೆರೆಗಳು. ಮೂರು ದಿನವಾದರೂ ಹೋಗಿಲ್ಲ. ತೆಂಗಿನೆಣ್ಣೆ ಹಚ್ಚಿದ್ದೂ ಆಯಿತು. ಆಫೀಸಿನ ಮೀಟಿಂಗಿನಲ್ಲಿ ಮೇಜಿನ ಮೇಲೆ ಗಂಭೀರವಾಗಿ ತಲೆ ಆಡಿಸುತ್ತಾ, ಮೇಜಿನ ಕೆಳಗೆ ಒಂದು ಕಾಲಿನಿಂದ ಇನ್ನೊಂದು ಕಾಲು ಕೆರೆದುಕೊಳ್ಳುತ್ತಿದ್ದೇನೆ. ಇಷ್ಟಕ್ಕೂ ಕಾರಣ ಎರಡು ಉಣ್ಣೆ ಪಟ್ಟಿ. ಮತ್ತೆ, ಅದನ್ನು ಸುತ್ತಿಸಿದ ಒಬ್ಬ ಮನುಷ್ಯ.

ಇಂಗ್ಲೆಂಡಿನ ವಾರಾಂತ್ಯ ಹೇಗಿರುತ್ತದೆ ಅಂತ ಇಲ್ಲಿರುವವರಿಗೆ ಗೊತ್ತು. ಬಟ್ಟೆ ಒಗೆದು, ಇಂಡಿಯನ್ ಅಂಗಡಿಯಲ್ಲಿ ಬಾಡಿದ ಕರಿಬೇವಿಗೆ ಚಿನ್ನದ ಬೆಲೆ ಕೊಟ್ಟು, ಊರಿಗೆ ವಿಡಿಯೋ ಕಾಲ್ ಮಾಡಿ ಮುಗಿಸಿದರೂ ಇನ್ನೂ ಅರ್ಧ ದಿನ ಉಳಿದಿರುತ್ತದೆ. ಇಲ್ಲಿನ ಕೆಲವರು ಆ ಅರ್ಧ ದಿನದಲ್ಲಿ ಸೈನಿಕರ ವೇಷ ತೊಟ್ಟು ಹಳೇ ಯುದ್ಧ ಆಡುತ್ತಾರೆ. ರೋಮನ್ ಸೈನಿಕರಿಂದ ಎರಡನೇ ಮಹಾಯುದ್ಧದವರೆಗೆ ಯಾವ ಕಾಲ ಬೇಕೋ ಆ ಕಾಲದ ತಂಡ ಉಂಟು. ನಮ್ಮ ಬಯಲಾಟದ ಹಾಗೆಯೇ ಅಂದುಕೊಳ್ಳಿ. ಬಯಲಾಟದಲ್ಲಿ ಕಿರೀಟ ಸ್ವಲ್ಪ ವಾರೆಯಾದರೆ ಯಾರೂ ಕೇಳುವುದಿಲ್ಲ, ಇಲ್ಲಿ ಕೇಳುತ್ತಾರೆ. ಅಷ್ಟೇ ವ್ಯತ್ಯಾಸ.

ಸಹೋದ್ಯೋಗಿಯೊಬ್ಬ ಮೊದಲ ಮಹಾಯುದ್ಧದ ತಂಡದಲ್ಲಿದ್ದಾನೆ. ನಾನು ಮೈಸೂರಿನವನು ಎಂದು ಗೊತ್ತಾದ ದಿನ ಅವನ ಕಣ್ಣು ಹೊಳೆಯಿತು. "ಮೈಸೂರು ಲ್ಯಾನ್ಸರ್ಸ್!" ಅಂದ. 1918ರ ಸೆಪ್ಟೆಂಬರ್ 23ರಂದು ಪ್ಯಾಲೆಸ್ಟೈನಿನ ಹೈಫಾ ಊರನ್ನು ತುರ್ಕರಿಂದ ಗೆದ್ದವರು ಜೋಧಪುರದ ಮತ್ತು ನಮ್ಮ ಮೈಸೂರಿನ ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ಸವಾರರು. ಜೋಧಪುರದವರು ಊರಿನತ್ತ ನುಗ್ಗುವಾಗ ಮೈಸೂರಿನವರು ಕಾರ್ಮೆಲ್ ಬೆಟ್ಟ ಹತ್ತಿ ಅಲ್ಲಿದ್ದ ಫಿರಂಗಿಗಳ ಮೇಲೆ ಬಿದ್ದರು ಎಂದು ನನಗೇ ಕತೆ ಹೇಳಿದ. ದಿಲ್ಲಿಯ ತೀನ್ ಮೂರ್ತಿಯಲ್ಲಿ ನಿಂತಿರುವ ಮೂವರಲ್ಲಿ ಒಬ್ಬ ನಮ್ಮವನಂತೆ. "ಬೆಂಗಳೂರಿನಲ್ಲೂ ಸ್ಮಾರಕ ಇದೆಯಲ್ಲ, ನೋಡಿರಬೇಕು ನೀವು?" ಅಂದ. "ಓ, ಬೇಕಾದಷ್ಟು ಸಲ" ಅಂದೆ. ಜೆ.ಸಿ. ನಗರದ ಕಡೆ ನಾಲ್ಕು ವರ್ಷ ಓಡಾಡಿದ್ದೇನೆ. ಆ ಸ್ಮಾರಕವನ್ನು ಒಂದು ಸಲವೂ ತಲೆಯೆತ್ತಿ ನೋಡಿಲ್ಲ. ಹಾಗೆ ನಾನೂ ಆ ತಂಡದಲ್ಲಿ ಮೈಸೂರಿನ ಸವಾರನಾದೆ. ಆ ಸುಳ್ಳಿನ ದಂಡವೇ ಈಗ ಕಾಲಿನ ಮೇಲೆ ಕಾಣುತ್ತಿರುವುದು.

ತಂಡದಲ್ಲಿ ಒಬ್ಬರಿದ್ದಾರೆ. ವಯಸ್ಸು ಎಪ್ಪತ್ತರ ಹತ್ತಿರ. ಸೈನ್ಯದಲ್ಲಿ ಒಂದು ದಿನವೂ ಇರಲಿಲ್ಲ, ಲೆಕ್ಕಪತ್ರದ ಕೆಲಸ ಮಾಡಿ ನಿವೃತ್ತರಾದವರು. ಈ ಹವ್ಯಾಸದಲ್ಲಿ ಇಂಥವರಿಗೆ 'ಹೊಲಿಗೆ ಎಣಿಸುವವರು' ಅಂತ ಒಂದು ಹೆಸರೇ ಇದೆ. ನಾನು ಮನಸ್ಸಿನಲ್ಲೇ ಅವರಿಗೆ ಹೊಲಿಗೆ ಮೇಷ್ಟ್ರು ಅಂತ ಹೆಸರಿಟ್ಟೆ. ಮೇಷ್ಟ್ರು ಬೈಯುವುದಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ನಿಮ್ಮ ಮುಂದೆ ನಿಂತು, ಸೊಂಟ ಬಗ್ಗಿಸಿ, ಗುಂಡಿಯನ್ನು ಹೆಬ್ಬೆರಳಿನಿಂದ ತಿರುವಿ, ಒಂದು ಸಲ "ಟ್ಚ್" ಅನ್ನುತ್ತಾರೆ. ಸಾರಿಗೆ ಉಪ್ಪು ಕಡಿಮೆ ಎಂದು ಬಾಯಲ್ಲಿ ಹೇಳದೆ ತಟ್ಟೆಯನ್ನು ಒಂದಿಂಚು ಆಚೆ ಸರಿಸುವ ಅತ್ತೆಯ ಹಾಗೆ.

ನನ್ನ ಅಂಗಿಯ ಗುಂಡಿ ಪ್ಲಾಸ್ಟಿಕ್ಕಿನದು. ಟ್ಚ್. ಕೈಗಡಿಯಾರ ಡಿಜಿಟಲ್. ಟ್ಚ್. ಬೂಟಿನ ಅಡಿ ರಬ್ಬರ್, ಮೊಳೆಯಿಲ್ಲ. ಟ್ಚ್ ಟ್ಚ್. ಕನ್ನಡಕದ ಹತ್ತಿರ ಬಂದಾಗ "ಟ್ಚ್" ಕೂಡ ಬರಲಿಲ್ಲ, ಸುಮ್ಮನೆ ಕಣ್ಣು ಮುಚ್ಚಿಕೊಂಡರು. ದಪ್ಪ ಪ್ಲಾಸ್ಟಿಕ್ ಫ್ರೇಮಿನ ಕನ್ನಡಕ ಹಾಕಿಕೊಂಡು 1918ಕ್ಕೆ ಪ್ರವೇಶವಿಲ್ಲ. ಗುಂಡು ತಂತಿಯ ಫ್ರೇಮು ಮಾಡಿಸುವವರೆಗೆ ಬರಿಗಣ್ಣಿನಲ್ಲೇ ಇರಬೇಕು. ನನ್ನ ಪವರ್ ಮೈನಸ್ ಐದು.

ಮುಂಡಾಸಿನ ವಿಷಯಕ್ಕೆ ಬಂದಾಗ ಮಾತ್ರ ಇಡೀ ತಂಡ ಭಕ್ತಿಯಿಂದ ನನ್ನ ಕಡೆ ನೋಡಿತು. "ಇದು ನಿಮಗೆ ಗೊತ್ತೇ ಇರುತ್ತದೆ" ಅಂದರು ಮೇಷ್ಟ್ರು. ಇದಕ್ಕೆ ಏನು ಹೇಳಲಿ? ನನಗೆ ಗೊತ್ತಿರುವುದು ಮೈಸೂರು ಪೇಟ ಒಂದೇ, ಅದೂ ಸನ್ಮಾನದಲ್ಲಿ ಟೋಪಿಯ ಹಾಗೆ ರೆಡಿಮೇಡ್ ಬರುವಂಥದ್ದು. ಆ ರಾತ್ರಿ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. "ಮುಂಡಾಸು ಕಟ್ಟುವುದು ಹೇಗಪ್ಪಾ?" "ಅದನ್ಯಾಕೋ ಕಟ್ತೀಯ, ದೇವರಾಜ ಅರಸು ರಸ್ತೇಲಿ ರೆಡಿ ಸಿಗುತ್ತಲ್ಲ, ಯಾರಾದ್ರೂ ಬರೋರ ಕೈಲಿ ಕಳಿಸ್ತೀನಿ" ಅಂದರು. ಕಟ್ಟಲು ಬರುತ್ತಿದ್ದದ್ದು ತಾತನಿಗೆ. ಬೆಳಿಗ್ಗೆ ಕಚೇರಿಗೆ ಹೊರಡುವಾಗ ಗೋಡೆಯ ಸಣ್ಣ ಕನ್ನಡಿಯ ಮುಂದೆ, ರುಮಾಲಿನ ಒಂದು ತುದಿ ಹಲ್ಲಿನಲ್ಲಿ ಕಚ್ಚಿಕೊಂಡು ಸರಸರ ಸುತ್ತಿಬಿಡುತ್ತಿದ್ದರು. ಆ ಹೊತ್ತಿನಲ್ಲಿ ಏನು ಕೇಳಿದರೂ "ಹ್ಞೂಂ" ಒಂದೇ ಉತ್ತರ. ಅದಕ್ಕೇ ನಾನು ನಾಲ್ಕಾಣೆ ಕೇಳುತ್ತಿದ್ದದ್ದು ಆಗಲೇ. ಸುತ್ತುವುದನ್ನು ನೋಡಲಿಲ್ಲ, ನಾಲ್ಕಾಣೆಯನ್ನು ಮಾತ್ರ ನೋಡಿದೆ. ಕೊನೆಗೆ ಯೂಟ್ಯೂಬಿನಲ್ಲಿ ಕಲಿತೆ. ಕಲಿಸಿದವನು ಒಬ್ಬ ಇಂಗ್ಲಿಷಿನವನು.

ಇನ್ನು ಪಟ್ಟಿ. ಮೊಣಕಾಲಿನಿಂದ ಹರಡಿನವರೆಗೆ ಸುತ್ತುವ ಉದ್ದನೆಯ ಉಣ್ಣೆ ಬಟ್ಟೆ. ಹೆಸರು ನಮ್ಮದೇ, ಪಟ್ಟಿ. ಅದನ್ನು ಇಂಗ್ಲಿಷಿನವರು ನಮ್ಮಲ್ಲಿಂದ ಒಯ್ದು, ನಾಲಿಗೆ ಹೊರಳದೆ 'ಪಟೀ' ಮಾಡಿಕೊಂಡು, ನೂರು ವರ್ಷದ ಮೇಲೆ ನನಗೇ ಉಚ್ಚಾರಣೆ ತಿದ್ದುತ್ತಾರೆ. ಖಾಕಿಯದೂ ಇದೇ ಕತೆ. ಖಾಕ್ ಅಂದರೆ ಧೂಳು. 1846ರಲ್ಲಿ ಪೇಶಾವರದಲ್ಲಿ ಗೈಡ್ಸ್ ಎಂಬ ಪಡೆ ಕಟ್ಟಿದ ಬ್ರಿಟಿಷ್ ಅಧಿಕಾರಿ ಲಮ್ಸ್‌ಡನ್ ತನ್ನ ಸಿಪಾಯಿಗಳಿಗೆ ಈ ಬಣ್ಣ ಹಾಕಿಸಿದ ಎಂದು ಮೇಷ್ಟ್ರು ಹೇಳುತ್ತಾರೆ. ನನ್ನ ಹೆಂಡತಿ ಮಂಗಳೂರಿನವಳು. ಖಾಕಿ ಬಣ್ಣ ಹುಟ್ಟಿದ್ದು ತಮ್ಮೂರಿನ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ, ಹಾಲರ್ ಎಂಬಾತನ ಕೈಯಲ್ಲಿ ಎಂದು ಅವಳ ವಾದ. ಮಂಗಳೂರಿನಲ್ಲಿ ಯಾರನ್ನು ಕೇಳಿದರೂ ಹಾಗೇ ಹೇಳುತ್ತಾರೆ. ಇಬ್ಬರನ್ನೂ ಎದುರುಬದುರು ಕೂರಿಸುವ ಧೈರ್ಯ ನನಗಿಲ್ಲ.

ಎರಡು ವಾರ ಪ್ರತಿ ರಾತ್ರಿ ಊಟವಾದ ಮೇಲೆ ಪಟ್ಟಿ ಸುತ್ತುವುದನ್ನು ಅಭ್ಯಾಸ ಮಾಡಿದೆ. ಹರಡಿನಿಂದ ಶುರು ಮಾಡಿ ಮೇಲಕ್ಕೆ, ಒಂದರ ಮೇಲೊಂದು ಅರ್ಧ ಬರುವ ಹಾಗೆ, ಮೊಣಕಾಲಿನ ಕೆಳಗೆ ಲಾಡಿ ಕಟ್ಟಿದರೆ ಮುಗಿಯಿತು. ಬಿಗಿಯಾದರೆ ಕಾಲು ಜೋಮು ಹಿಡಿಯುತ್ತದೆ, ಸಡಿಲವಾದರೆ ಬಾಳೆಹಣ್ಣಿನ ಸಿಪ್ಪೆಯ ಹಾಗೆ ಇಳಿಯುತ್ತದೆ. ಕೊನೆಗೊಂದು ದಿನ ಸರಿಯಾಗಿ ಬಂತು. ಸೆಪ್ಟೆಂಬರಿನ ಆ ಶನಿವಾರ ಊರ ಮೈದಾನದಲ್ಲಿ ಎದೆಯುಬ್ಬಿಸಿ ನಿಂತೆ. ಮೇಷ್ಟ್ರು ಬಂದರು. ಬಗ್ಗಿದರು.

"ಟ್ಚ್."

"ಈಗೇನು?"

"ನೀವು ಕಾಲಾಳಿನ ಹಾಗೆ ಸುತ್ತಿದ್ದೀರಿ. ನೀವು ಸವಾರರು."

ಕಾಲಾಳುಗಳು ಕೆಳಗಿನಿಂದ ಮೇಲಕ್ಕೆ ಸುತ್ತುತ್ತಿದ್ದರಂತೆ, ಕುದುರೆಯವರು ಮೇಲಿನಿಂದ ಕೆಳಕ್ಕೆ. ಸವಾರನ ಲಾಡಿ ಹರಡಿನ ಹತ್ತಿರ ಬರಬೇಕು. ಮೊಣಕಾಲಿನ ಹತ್ತಿರ ಗಂಟಿದ್ದರೆ ಜೀನಿಗೆ ಉಜ್ಜುತ್ತದೆ.

"ಆದರೆ ಕುದುರೆ ಇಲ್ಲವಲ್ಲ?"

"ಇದೆ ಅಂದುಕೊಳ್ಳಿ."

ಹೇಳಿ, ನ್ಯಾಯವೇ ಇದು? ಕುದುರೆಯನ್ನು ಅಂದುಕೊಂಡರೆ ಸಾಕು. ಈಟಿಯನ್ನೂ ಅಂದುಕೊಂಡರೆ ಸಾಕು, ಯಾಕೆಂದರೆ ವಿಮೆಯವರು ಮೊನೆ ಇರುವ ಈಟಿಗೆ ಒಪ್ಪುವುದಿಲ್ಲ, ಬರೀ ಬಿದಿರಿನ ಕೋಲು ಕೊಟ್ಟಿದ್ದರು. ಕಾರ್ಮೆಲ್ ಬೆಟ್ಟದ ಜಾಗದಲ್ಲಿ ಒಂದು ಐಸ್‌ಕ್ರೀಮ್ ವ್ಯಾನು. ಎಲ್ಲವನ್ನೂ ಅಂದುಕೊಳ್ಳಬಹುದು, ಪಟ್ಟಿಯನ್ನು ಮಾತ್ರ ಅಂದುಕೊಳ್ಳಬಾರದು! ಮೈಕಿನಲ್ಲಿ ನಮ್ಮ ತಂಡದ ಹೆಸರು ಕೂಗುತ್ತಿದ್ದಾರೆ, ನಾನು ಒದ್ದೆ ಹುಲ್ಲಿನ ಮೇಲೆ ಕೂತು ಎರಡೂ ಕಾಲು ಬಿಚ್ಚಿ, ಕನ್ನಡಕವಿಲ್ಲದ ಕಣ್ಣಿನಲ್ಲಿ, ಮೇಲಿನಿಂದ ಕೆಳಕ್ಕೆ ಸುತ್ತುತ್ತಿದ್ದೇನೆ. ಎರಡು ವಾರದ ಅಭ್ಯಾಸದ ಕೈ. ಅದು ತಾನಾಗಿ ಮೇಲಕ್ಕೇ ಹೋಗುತ್ತದೆ.

ಹೇಗೋ ಲಾಡಿ ಕಟ್ಟಿ ಸಾಲಿನಲ್ಲಿ ನಿಂತೆ. ಕುದುರೆ ಇಲ್ಲ, ಈಟಿಗೆ ಮೊನೆ ಇಲ್ಲ, ಕಣ್ಣು ಕಾಣುವುದಿಲ್ಲ. ಮೈಸೂರು ಮಹಾರಾಜರು ನೋಡಿದ್ದರೆ ಅಲ್ಲೇ ಪಿಂಚಣಿ ಕೊಟ್ಟು ಕಳಿಸುತ್ತಿದ್ದರು. ಅಷ್ಟರಲ್ಲಿ ಇಲ್ಲಿನ ಆ ಜಿಟಿಜಿಟಿ ಮಳೆ ಶುರುವಾಯಿತು. ಇಂಗ್ಲಿಷ್ ಸೈನಿಕರದು ದಪ್ಪ ಉಣ್ಣೆಯ ಸರ್ಜ್. ನನ್ನದು ಪ್ಯಾಲೆಸ್ಟೈನಿನ ಬಿಸಿಲಿಗೆ ಹೇಳಿ ಮಾಡಿಸಿದ ಹತ್ತಿಯ ಖಾಕಿ ಡ್ರಿಲ್ ಬಟ್ಟೆ. ಐದು ನಿಮಿಷದಲ್ಲಿ ಮೈಗೆ ಅಂಟಿತು. ಹಲ್ಲು ಕಟಕಟ. 1914ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ದೇಶದ ಸಿಪಾಯಿಗಳು ಇಂಥದ್ದೇ ಹತ್ತಿ ಬಟ್ಟೆಯಲ್ಲಿ ಮಾರ್ಸೇಲ್ಸಿನಲ್ಲಿ ಹಡಗಿಳಿದರು. ಅಕ್ಟೋಬರ್ ಮುಗಿಯುವುದರೊಳಗೆ ಫ್ಲಾಂಡರ್ಸಿನ ಕೆಸರಿನ ಕಂದಕದಲ್ಲಿದ್ದರು. ಬೆಚ್ಚನೆಯ ಬಟ್ಟೆ ಎಲ್ಲರಿಗೂ ತಲುಪುವ ಮೊದಲೇ ಚಳಿ ತಲುಪಿತ್ತು. ನನಗೆ ಅರ್ಧ ಗಂಟೆಯ ನಂತರ ಚಹಾ ಇತ್ತು, ಕಾರಿನಲ್ಲಿ ಹೀಟರ್ ಇತ್ತು. ಅವರು ಆ ರಾತ್ರಿ ಒದ್ದೆ ಪಟ್ಟಿ ಬಿಚ್ಚಿ ಎಲ್ಲಿ ಒಣಹಾಕಿದರೋ.

ಇದನ್ನೆಲ್ಲ ಯೋಚಿಸುತ್ತಾ ನಡೆಯುವಾಗ ಎಡಗಾಲು ಹಗುರವಾದ ಹಾಗೆ ಅನ್ನಿಸಿತು. ಮಳೆಗೆ ಹೀಗಾಗುತ್ತದೇನೋ ಅಂದುಕೊಂಡೆ. ಜನ ಚಪ್ಪಾಳೆ ತಟ್ಟುತ್ತಿದ್ದರು. ನಾನು ಗತ್ತಿನಿಂದ ಇನ್ನೂ ದೊಡ್ಡ ಹೆಜ್ಜೆ ಹಾಕಿದೆ. ಚಪ್ಪಾಳೆ ಜಾಸ್ತಿಯಾಯಿತು. ನಂತರ ನಗು. ಯಾರೋ ಹಿಂದಿನಿಂದ ಮೆಲ್ಲಗೆ ಎಳೆಯುತ್ತಿದ್ದಾರೆ. ತಿರುಗಿ ನೋಡಿದರೆ ಮಸುಕು ಮಸುಕಾಗಿ ಹಳದಿ ರೈನ್‌ಕೋಟಿನ ಒಂದು ಮಗು. ಬಿಚ್ಚಿಕೊಂಡ ನನ್ನ ಪಟ್ಟಿಯ ತುದಿಯನ್ನು ಎರಡೂ ಕೈಯಲ್ಲಿ ಹಿಡಿದು, ತೇರಿನ ಹಗ್ಗ ಹಿಡಿದ ಶ್ರದ್ಧೆಯಿಂದ ಹಿಂದೆ ಬರುತ್ತಿದೆ. ನಾನು ನಿಂತೆ, ಅದೂ ನಿಂತಿತು. ನಾನು ನಡೆದೆ, ಅದೂ ನಡೆಯಿತು. ಹೈಫಾ ಗೆದ್ದವರ ಮೊಮ್ಮಗ ಮೈದಾನದ ಆ ತುದಿಯವರೆಗೂ ಹೀಗೆ ಎಳೆದೊಯ್ಯುವ ರಥವಾಗಿ ಹೋದ. (ಮೊಮ್ಮಗನೇನೂ ಅಲ್ಲ, ತಾತ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರು. ಆದರೆ ಮೈಕಿನವನು ಹಾಗೆ ಹೇಳಿಬಿಟ್ಟಿದ್ದ.)

ಮಗುವಿನ ಕೈಯಿಂದ ಪಟ್ಟಿ ಬಿಡಿಸಿಕೊಂಡು ಬರುವಷ್ಟರಲ್ಲಿ ಮೇಷ್ಟ್ರು ಛತ್ರಿ ಹಿಡಿದು ನಿಂತಿದ್ದರು. ನನ್ನ ಎಡಗಾಲು ನೋಡಿದರು, ಮುಂಡಾಸು ನೋಡಿದರು. "ಮುಂಡಾಸು ಬಹಳ ಚೆನ್ನಾಗಿದೆ. ಮನೆಯಲ್ಲಿ ಕಲಿತದ್ದು ಬೇರೆಯೇ" ಅಂದರು. ನಾನು ತಲೆ ಆಡಿಸಿದೆ. ಇದು ಎರಡನೇ ಸುಳ್ಳು. ಇದಕ್ಕೆ ಯಾವ ಕಾಲಿಗೆ ದಂಡವೋ.

ರಾತ್ರಿ ಪಟ್ಟಿಗಳನ್ನು ರೇಡಿಯೇಟರಿನ ಮೇಲೆ ಒಣಗಿಸಿ, ನೆಲದ ಮೇಲೆ ಕೂತು ಸುರುಳಿ ಸುತ್ತುತ್ತಿದ್ದೆ. ಮನೆಯೆಲ್ಲ ಒದ್ದೆ ಕುರಿಯ ವಾಸನೆ. ಹೆಂಡತಿ ಸೋಫಾದ ಮೇಲೆ ಕಾಲು ಮಡಚಿ ಕೂತು ಚಹಾ ಕುಡಿಯುತ್ತಾ ನೋಡುತ್ತಿದ್ದಳು. ಎರಡು ವಾರ ನನ್ನ ಜೊತೆ ಎಲ್ಲ ವಿಡಿಯೋ ನೋಡಿದ್ದಾಳೆ. ಬಗ್ಗಿದಳು.

"ಟ್ಚ್" ಅಂದಳು. "ರೀ, ಲಾಡಿ ಒಳಗಡೆ ಬರ್ಬೇಕು."